ಗೋಡೆಯ ಮೇಲಿನ ಹಿಂಬಾಗಿಲು

"ಅದೇನ್ ಬೀಸೋ ಕಲ್ಲೇನೇ ಮುಂಡೇದೇ, ಹಂಗೆ ಗರಗರ ತಿರುಗಿಸ್ತಿದೀಯ? ಮೌಸು ಅದು, ಮೌಸು! ಎತ್ತು ಕೈನ!"

ಅಂದವನೇ ಸೂಪರ್‌ವೈಸರ್ ಕೀಲಿ ನನ್ನ ಮಣಿಕಟ್ಟಿನ ಮೇಲೆ ಮರದ ಸ್ಕೇಲಿನಿಂದ ಒಂದು ಬಿಟ್ಟ. ಪೆಟ್ಟೇನೂ ದೊಡ್ಡದಲ್ಲ. ಆದರೆ ಅವನು ಬಗ್ಗಿದಾಗ ಸೊಂಟದ ಕೀಲಿಕೈ ಗೊಂಚಲು ಝಣ್ ಎಂದಿತಲ್ಲ, ಆ ಸದ್ದಿಗೆ ಮೌಸು ನನ್ನ ಕೈಯಿಂದ ಜಾರಿತು. ಪರದೆಯಲ್ಲಿ ನಾನು ಕಟ್ಟುತ್ತಿದ್ದ ಪುಟ್ಟ ಕೋಣೆ ಬುಗುರಿಯ ಹಾಗೆ ಸುತ್ತಿ ತಲೆಕೆಳಗಾಗಿ ನಿಂತುಬಿಟ್ಟಿತು.

"ಸಾರ್, ಹೊಡೀಬೇಡಿ ಸಾರ್. ನಿಧಾನಕ್ಕೆ ಕಲೀತಾರೆ," ಎಂದಳು ಕಂಪ್ಯೂಟರ್ ಕಲಿಸುವ ಟೀಚರ್. ನಮಗಿಂತ ಚಿಕ್ಕವಳು, ಕತ್ತರಿಸಿದ ಕೂದಲು, ಯಾರಿಗೂ ಎದುರಾಡಿ ಅಭ್ಯಾಸವಿಲ್ಲದ ದನಿ.

"ಇವಕ್ಕೆ ಬಾಯಿಮಾತಲ್ಲಿ ಹೇಳಿದ್ರೆ ತಲೆಗೆ ಹೋಗುತ್ತಾ ಮೇಡಂ? ಇಷ್ಟು ವರ್ಷ ಇವನ್ನ ಮೇಯಿಸಿರೋನು ನಾನು."

ನಮ್ಮ ಫ್ಯಾಕ್ಟರಿಯಲ್ಲಿ ಹೆತ್ತವರಿಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ. ಉಳಿದ ಹೊತ್ತು, ಶರ್ಟಿನ ಯಾವ ಭಾಗ ಹೊಲಿಯುತ್ತೀಯೋ ಅದೇ ನಿನ್ನ ಹೆಸರು. ನಾನು ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದವಳು, ಅದಕ್ಕೇ ಕಾಜಾ. ಪಕ್ಕದ ಕಂಪ್ಯೂಟರಿನ ಮುಂದೆ ಬೆವರುತ್ತ ಕೂತಿದ್ದ ಗೆಳತಿ ಕಾಲರ್. ನನ್ನ ಒಡಹುಟ್ಟಿದ ಅಕ್ಕ ಇಸ್ತ್ರಿ. ಸೂಪರ್‌ವೈಸರ್ ಏನನ್ನೂ ಹೊಲಿಯುತ್ತಿರಲಿಲ್ಲವಾದ್ದರಿಂದ ಅವನ ಸೊಂಟದಲ್ಲಿದ್ದದ್ದೇ ಅವನ ಹೆಸರಾಯಿತು. ಎದುರಿಗೆ ಸಾರ್, ಬೆನ್ನ ಹಿಂದೆ ಕೀಲಿ.

ಹೊಲಿಗೆ ಶೆಡ್ಡು ಬೆಂಕಿಗೆ ಹೋದ ಮೇಲೆ ಓನರ್ ಶರ್ಟಿನ ವ್ಯಾಪಾರವನ್ನೇ ಕೈಬಿಟ್ಟ. ಪಕ್ಕದಲ್ಲಿ ಉಳಿದಿದ್ದ ಪ್ಯಾಕಿಂಗ್ ಹಾಲಿಗೆ ಕಪ್ಪು ಬಣ್ಣ ಹೊಡೆಸಿ, ಒಳಗೆ ಸೂರು ಮುಟ್ಟುವ ಎಲ್‌ಇಡಿ ಗೋಡೆಯೊಂದನ್ನು ಬಾಗಿಸಿ ನಿಲ್ಲಿಸಿ, ಹೊರಗೆ ಸ್ಟುಡಿಯೊ ಅಂತ ಬೋರ್ಡು ಹಾಕಿದ. ಸತ್ತವರು ಸತ್ತರು, ಬದುಕಿದವರ ಬಾಯಿ ಮುಚ್ಚಬೇಕಲ್ಲ? ನಮ್ಮಲ್ಲಿ ಕೆಲವರನ್ನು ಕರೆಸಿ, ಹೊಸ ವಿದ್ಯೆ ಕಲಿಸುತ್ತೇನೆ ಅಂದ. ಪೇಪರಿನವರು ಬಂದು ಫೋಟೊ ಹಿಡಿದುಕೊಂಡು ಹೋದರು. ಫೋಟೊದಲ್ಲಿ ನಾವೆಲ್ಲ ನಗುತ್ತಿದ್ದೇವೆ. ನಗ್ರೇ ಅಂತ ಕೀಲಿ ಗದರಿದ್ದ.

ವಿದ್ಯೆ ಏನೆಂದರೆ, ಇಲ್ಲದ ಜಾಗವನ್ನು ಕಂಪ್ಯೂಟರಿನೊಳಗೆ ಕಟ್ಟುವುದು. ಬೆಟ್ಟವೋ ಬೀದಿಯೋ ಕೋಣೆಯೋ ಕಟ್ಟಿ ಆ ದೊಡ್ಡ ಗೋಡೆಯ ಮೇಲೆ ಬಿಟ್ಟರೆ, ನಟರು ಅದರ ಮುಂದೆ ನಿಂತು ಆಡುತ್ತಾರೆ. ಕ್ಯಾಮೆರಾ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸಲು ಅದಕ್ಕೆ ಒಂದು ಡಬ್ಬಿ ಕಟ್ಟಿರುತ್ತಾರೆ. ಕ್ಯಾಮೆರಾ ಎಡಕ್ಕೆ ಸರಿದರೆ ಗೋಡೆಯೊಳಗಿನ ಬೆಟ್ಟವೂ, ನಾವು ಬಸ್ಸಿನ ಕಿಟಕಿಯಿಂದ ನೋಡಿದರೆ ಸರಿಯುತ್ತದಲ್ಲ, ಹಾಗೇ ಸರಿಯುತ್ತದೆ. ಸಿನಿಮಾ ನೋಡುವವನಿಗೆ ಅದು ಗೋಡೆ ಅಂತ ಯಾವ ಜನ್ಮಕ್ಕೂ ಗೊತ್ತಾಗುವುದಿಲ್ಲ.

ಮೊದಲ ಸಲ ಅದನ್ನು ಹೊತ್ತಿಸಿದ ದಿನ ನಾವು ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದೆವು. ಕಣ್ಣು ಹಾಯುವಷ್ಟು ಮರಳು, ಮೇಲೆ ಆಕಾಶ. ಕ್ಯಾಮೆರಾ ಅಲುಗಿತು, ಮರಳೆಲ್ಲ ಜರುಗಿತು, ನಾವು ನಿಂತ ನೆಲವೇ ಜರುಗಿದ ಹಾಗಾಗಿ ಕಾಲರ್ ಅಲ್ಲೇ ವಾಂತಿ ಮಾಡಿಕೊಂಡಳು. ಅದನ್ನು ಅವಳ ಸೆರಗಿನಿಂದಲೇ ಒರೆಸಿಸಿದ ಕೀಲಿ. "ಗೋಡೆ ಹತ್ರ ಬಂದ್ರೆ ಕಾಲ್ ಮುರೀತೀನಿ. ನಿಮ್ಮ ಗಲೀಜು ಕೈ ಯಾವಳೂ ಅದಕ್ಕೆ ಮುಟ್ಟಿಸಬಾರದು, ತಿಳೀತಾ?" ಅಂದ. ನನಗೆ ಅವನ ಮಾತಿಗಿಂತ ಆ ಗೋಡೆಯ ಭಯವೇ ಹೆಚ್ಚಾಯಿತು. ಇಲ್ಲದ್ದನ್ನು ಇಷ್ಟು ಚೆನ್ನಾಗಿ ತೋರಿಸುವುದು ಓನರ್ ಕೈಯಲ್ಲಿದೆ ಅಂದರೆ, ದೇವರೇ, ನಮ್ಮ ಗತಿ ಏನು ಅನ್ನಿಸಿತು.

ಆದರೂ ಕಲಿತೆವು, ಹೊಟ್ಟೆ ಕೇಳಬೇಕಲ್ಲ. ಕಲಿಯುತ್ತ ಕಲಿಯುತ್ತ ಒಂದು ಎಡವಟ್ಟು ಮಾಡಿದೆವು, ಎಲ್ಲರೂ ಒಂದೇ ಎಡವಟ್ಟು. ಕಂಪ್ಯೂಟರಿನೊಳಗೆ ಕಟ್ಟಿದ ಪೆಟ್ಟಿಗೆಯಂಥ ಕೋಣೆಗೆ ಬಣ್ಣ, ಗಾರೆ, ಮರ ಅಂಟಿಸಬೇಕಾದರೆ ಅದನ್ನು ಬಿಚ್ಚಿ ಹಾಸಿ, ಶರ್ಟಿನ ತುಂಡುಗಳ ಹಾಗೆ ಕತ್ತರಿಸಿ ಮತ್ತೆ ಕೂಡಿಸಬೇಕು. ಇದನ್ನು ನೋಡಿ ನಮಗೆ ಹೋದ ಜೀವ ಬಂತು. ಇದು ನಮ್ಮ ಕಟಿಂಗ್ ಟೇಬಲ್ಲೇ ಅಲ್ಲವೇನೇ, ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಎಲ್ಲರೂ ಹೊಲಿಗೆಗೆ ಅಂತ ಅಂಚಿನಲ್ಲಿ ಒಂದಿಷ್ಟು ಮಾರ್ಜಿನ್ ಬಿಟ್ಟು ಗೋಡೆಗಳನ್ನು ಕೂಡಿಸಿದೆವು. ಒಂದು ಗೋಡೆ ಇನ್ನೊಂದರ ಮೈಯೊಳಗೆ ಹೊಕ್ಕು, ಮೂಲೆ ಮೂಲೆಯಲ್ಲೂ ಕಣ್ಣು ಕುಕ್ಕುವ ಹಾಗೆ ಪಟಪಟ ಮಿಣುಗತೊಡಗಿತು.

ಟೀಚರ್ ತಲೆ ಕೆರೆದುಕೊಂಡಳು. "ಯಾಕ್ರೀ ಎಲ್ಲಾ ಗೋಡೆನೂ ಉದ್ದ ಮಾಡಿದೀರ?"

"ಮಾರ್ಜಿನ್ ಬಿಡದೇ ಹೊಲಿದ್ರೆ ಬಿಟ್ಕೊಳಲ್ವಾ ಮೇಡಂ?" ಎಂದಳು ಕಾಲರ್ ಗಂಭೀರವಾಗಿ.

ಟೀಚರ್ ನಕ್ಕಳು, ನಾವೂ ನಕ್ಕೆವು. ಬೆಂಕಿಯಾದ ಮೇಲೆ ನಾವು ಗುಂಪಾಗಿ ನಕ್ಕದ್ದು ಅದೇ ಮೊದಲು.

*

ಓನರ್ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. "ಇಸ್ತ್ರಿ ತಂಗಿ ಯಾರಮ್ಮ ನಿಮ್ಮಲ್ಲಿ?" ಅಂತ ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಅವನು ತನ್ನ ಕೈಯಾರೆ ಒಂದು ಕುರ್ಚಿ ಎಳೆದು ಹಾಕಿ, "ಕೂತ್ಕೊಮ್ಮ, ಕೂತ್ಕೊ," ಅಂದ. ಕೀಲಿಯ ಸ್ಕೇಲಾದರೂ ವಾಸಿ. ಓನರ್ ಕುರ್ಚಿ ಕೊಟ್ಟ ಅಂದರೆ ಗ್ರಹಚಾರ ಕಾದಿದೆ ಅಂತಲೇ ಅರ್ಥ.

"ನಮ್ಮ ಸ್ಟುಡಿಯೊದ ಮೊದಲನೇ ಪಿಕ್ಚರು ನಮ್ಮ ಕಥೆನೇ ಆಗ್ಲಿ ಅಂತ ಆಸೆ ಕಣಮ್ಮ. ಬೆಂಕಿ ವಿಚಾರಣೆಗೆ ಅಂತ ದೊಡ್ಡ ಆಫೀಸರು ಬರ್ತಿದಾರೆ. ಬಾಯಲ್ಲಿ ಹೇಳಿದ್ರೆ ಯಾರಿಗೆ ಏನು ಅರ್ಥ ಆಗುತ್ತೆ? ಇಲ್ಲೇ ಕೂರಿಸಿ, ಅವರ ಕಣ್ಣೆದುರಿಗೇ ಶೂಟಿಂಗ್ ಮಾಡಿ ತೋರಿಸೋಣ. ಶೆಡ್ಡನ್ನ ನೀನು ಕಟ್ಟು. ನಿನಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಆಮೇಲೆ ಕಥೆ ಹೇಳಿದ. ಒಬ್ಬಳು ಇಸ್ತ್ರಿ ಪೆಟ್ಟಿಗೆ ಆಫ್ ಮಾಡುವುದನ್ನು ಮರೆಯುತ್ತಾಳೆ. ಬಟ್ಟೆಗೆ ಬೆಂಕಿ ಹತ್ತುತ್ತದೆ. ಹೆಂಗಸರೆಲ್ಲ ಹಿಂಬಾಗಿಲಿಗೆ ಓಡುತ್ತಾರೆ. ಚಿಲಕ ಒಳಗಡೆಯೇ ಇದೆ, ತಳ್ಳಿದ ತಕ್ಷಣ ಬಾಗಿಲು ತೆರೆಯುತ್ತದೆ, ಬೆಳಕು ಬರುತ್ತದೆ. ಅಲ್ಲಿಗೆ ಕಟ್. ಸತ್ತವರು ಪಾಪ, ಗಾಬರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ನುಗ್ಗಾಟದಲ್ಲಿ ಹೋದರು.

"ಸಾರ್, ಬಾಗಿಲಿಗೆ..." ಎಂದೆ.

"ಏನಮ್ಮ ಬಾಗಿಲಿಗೆ?"

ಹಿಂದೆ ಕೀಲಿಕೈ ಗೊಂಚಲು ಸದ್ದು ಮಾಡಿತು.

"ಏನಿಲ್ಲ ಸಾರ್."

"ನೋಡಮ್ಮ. ನಿಮ್ಮಕ್ಕ ಮರೆತಳು, ಮನುಷ್ಯರು ಮರೀತಾರೆ, ಕೈತಪ್ಪು. ಹಂಗಂತ ತೋರಿಸಿದ್ರೆ ಅಲ್ಲಿಗೆ ಮುಗೀತು. ಬಾಗಿಲು ಗೀಗಿಲು ಅಂತ ಯಾರಾದ್ರೂ ತಲೆಹರಟೆ ಮಾಡಿದ್ರೆ, ನಾನೂ ಬೇರೆ ಕಥೆ ಹೇಳ್ಬೇಕಾಗುತ್ತೆ. ಸೂಪರ್‌ವೈಸರ್ ಮೇಲಿನ ಸಿಟ್ಟಿಗೆ ಬೇಕಂತ್ಲೇ ಹಚ್ಚಿದ್ಲು ಅಂತ ಸಾಕ್ಷಿ ಹೇಳೋರು ಇದಾರೆ. ಸಾಯೋವರೆಗೂ ಜೈಲು. ನಮಗ್ಯಾಕಮ್ಮ ಅವೆಲ್ಲ?" ನನ್ನ ತಲೆ ಸವರಿದ. "ಪಿಕ್ಚರಿನ ಶುರುವಲ್ಲೇ ದೊಡ್ಡದಾಗಿ ಹಾಕಿಸ್ತೀನಿ, ಕಟ್ಟಿದವಳು ಇಸ್ತ್ರಿಯ ಸ್ವಂತ ತಂಗಿ ಅಂತ. ಆಮೇಲೆ ಯಾವನು ಅನುಮಾನ ಪಡ್ತಾನೆ ಹೇಳು?"

ಹೊಸ ವಿದ್ಯೆ ಕಲಿಯಲು ನನ್ನನ್ನೇ ಯಾಕೆ ಆರಿಸಿದ್ದರು ಅಂತ ಆಗ ಗೊತ್ತಾಯಿತು. ನನ್ನ ಅಕ್ಕನ ಗುಂಡಿಯನ್ನು ನನ್ನ ಕೈಯಿಂದಲೇ ತೋಡಿಸುವುದಕ್ಕೆ.

*

ನಮ್ಮದು ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ಹಾಸಿಗೆಯಲ್ಲಿ ಅಕ್ಕ, ಮೂಲೆಯಲ್ಲಿ ಒಲೆ, ಒಲೆಯ ಮುಂದೆ ಅಮ್ಮ. ಅಕ್ಕನ ಎರಡೂ ಕೈಗೆ ಬಟ್ಟೆ ಸುತ್ತಿದೆ. ಆ ಹಿಂಬಾಗಿಲು ಕಬ್ಬಿಣದ್ದು. ಬೆಂಕಿಗೆ ಕಾದ ಕಬ್ಬಿಣವನ್ನು ಅವಳು ಬರಿಗೈಯಲ್ಲಿ ಬಡಿದಿದ್ದಳು. ಬಾಗಿಲ ಪಕ್ಕದ ಕಿಟಕಿಯ ಸರಳನ್ನು ಪ್ಯಾಕಿಂಗ್ ಹಾಲಿನ ಗಂಡಸರು ಹೊರಗಿನಿಂದ ಕಿತ್ತು, ಕೈಗೆ ಸಿಕ್ಕವರನ್ನು ಎಳೆದು ಹಾಕಿದ್ದರು. ಹಾಗೆ ಬದುಕಿದವರು ಅಕ್ಕ, ಕಾಲರ್, ಇನ್ನು ಕೆಲವರು. ಅಕ್ಕನ ಪಕ್ಕದಲ್ಲೇ ನಿಂತು ಬಾಗಿಲು ಬಡಿಯುತ್ತಿದ್ದ ಕಫ್, ಶರ್ಟಿನ ತೋಳಿನ ಪಟ್ಟಿ ಹೊಲಿಯುತ್ತಿದ್ದವಳು, ಅವರ ಕೈಗೆ ಸಿಕ್ಕಲಿಲ್ಲ.

ಓನರ್ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮ ಕೈ ಮುಗಿದಳು, ನನಗೇ.

"ಮಾಡ್ಬಿಡೇ ತಾಯಿ. ದೊಡ್ಡೋರ ಸಹವಾಸ ಬೇಡ. ಬರೀ ಚಿತ್ರ ತಾನೇ? ಚಿತ್ರದಲ್ಲಿ ಬಾಗಿಲು ತೆರೆದ್ರೆ ನಮ್ಮದೇನ್ ಹೋಯ್ತು?"

"ಇಸ್ತ್ರಿ ಪೆಟ್ಟಿಗೆ ವೈರಿಂದ ಹೊಗೆ ಬರ್ತಿದೆ ಅಂತ ನಾನು ಆ ಕೀಲಿ ಬೇವರ್ಸಿಗೆ ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು," ಎಂದಳು ಅಕ್ಕ, ಸೂರು ನೋಡುತ್ತ. "ಬಟ್ಟೆ ಸುತ್ತಿ ಕೆಲಸ ಮಾಡು ಅಂದ. ಈಗ ನಾನು ಮರೆತೆನಂತೆ! ಅವನ ನಾಲಗೆ ಸೇದುಹೋಗ!"

"ಮೆತ್ತಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೊಂಡಾರು," ಅಂತ ಅಮ್ಮ ಬಾಗಿಲು ಹಾಕಲು ಎದ್ದಳು.

"ಹಾಕ್ಬೇಡ!" ಅಕ್ಕ ಕಿರುಚಿದಳು. ನಮ್ಮ ಮನೆಯ ಬಾಗಿಲು ಈಗ ಹಗಲೂ ರಾತ್ರಿ ತೆರೆದೇ ಇರುತ್ತದೆ. ಅಮ್ಮ ಅದನ್ನೂ ಮರೆತಿದ್ದಳು.

ಅಮ್ಮ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಕೊನೆಗೆ ಅಕ್ಕನೇ, "ತೆಗಿಯೇ," ಎಂದಳು. "ಅಲ್ಲಾದ್ರೂ ತೆಗಿ. ಅದು ತೆರೆದ್ರೆ ಹೆಂಗಿರುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಕು." ಗೋಡೆಯ ಕಡೆ ಹೊರಳಿ ಅತ್ತಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈಯಿಲ್ಲ. ನಾನೇ ಒರೆಸಿದೆ. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ.

*

ನನ್ನ ಕಂಪ್ಯೂಟರನ್ನು ಬೇರೆ ಕೋಣೆಗೆ ಹಾಕಿಸಿದರು, ಉಳಿದವರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಶೆಡ್ಡು ಕಟ್ಟತೊಡಗಿದೆ. ಮಿಷನ್ನುಗಳ ಸಾಲು, ಮೇಲೆ ಜೋತುಬಿದ್ದ ಟ್ಯೂಬ್‌ಲೈಟು, ಕಫ್ ಕೂರುತ್ತಿದ್ದ ಸ್ಟೂಲು. ಸ್ಟೂಲಿನ ಮೇಲೆ ಅವಳು ಮಡಚಿ ಹಾಕಿಕೊಳ್ಳುತ್ತಿದ್ದ ಚಿಂದಿಯನ್ನೂ ಹಾಕಿದೆ. ಯಾರೂ ಹೇಳಿರಲಿಲ್ಲ, ಕೈ ತಾನೇ ಹಾಕಿತು. ದಿನ ಕಳೆದಂತೆ ಪರದೆಯೊಳಗೆ ಶೆಡ್ಡು ಹೇಗಿತ್ತೋ ಹಾಗೇ ಎದ್ದು ನಿಲ್ಲತೊಡಗಿತು. ಅದರೊಳಗೆ ಮೌಸಿನಿಂದ ನಡೆದಾಡುವಾಗ ಯಾವಾಗ ಹೊಗೆ ವಾಸನೆ ಬರುತ್ತದೋ ಅಂತ ನನ್ನ ಮೂಗು ಕಾಯುತ್ತಲೇ ಇರುತ್ತಿತ್ತು. ಹಿಂಬಾಗಿಲನ್ನು ಮಾತ್ರ ಇವತ್ತು ಬೇಡ, ನಾಳೆ ಬೇಡ ಅಂತ ಮುಂದಕ್ಕೆ ಹಾಕುತ್ತ ಬಂದೆ.

"ಬಾಗಿಲು ಎಲ್ಲೇ?" ಎಂದ ಕೀಲಿ ಒಂದು ದಿನ.

ಕಟ್ಟಿದೆ. ಬೂದು ಬಣ್ಣ, ಕೆಳಗೆ ತುಕ್ಕು. ಒಳಗಡೆ, ಅವನು ಬೆರಳಿಟ್ಟು ತೋರಿಸಿದ ಕಡೆ, ಎಂದೂ ಇಲ್ಲದಿದ್ದ ಒಂದು ಚಿಲಕ.

"ಬಾಗಿಲ ಹೊರಗಡೆ ಏನ್ ಮಾಡ್ಲಿ ಮೇಡಂ?" ಅಂತ ಟೀಚರನ್ನು ಕೇಳಿದೆ.

"ಏನೂ ಬೇಡ. ಕ್ಯಾಮೆರಾಗೆ ಕಾಣದೇ ಇರೋದನ್ನ ನಾವು ಕಟ್ಟಲ್ಲ. ಸುಮ್ನೆ ಬೆಳಕು ಇಟ್ಬಿಡಿ."

ನಾನು ನೋಡಿದ್ದು ಹೊರಗಡೆಯನ್ನೇ. ನನ್ನ ಮಿಷನ್ನು ಮುಂಬಾಗಿಲ ಹತ್ತಿರವಿತ್ತು, ಬೆಂಕಿ ಅಡ್ಡ ಬರುವ ಮೊದಲೇ ನಾನು ಆಚೆ ಬಂದಿದ್ದೆ. ಅಕ್ಕ ಹಿಂದಿದ್ದಾಳೆ ಅಂತ ಶೆಡ್ಡು ಸುತ್ತಿಕೊಂಡು ಓಡಿದರೆ, ಹಿಂಬಾಗಿಲಿಗೆ ಬೀಗ. ಹೆಂಗಸರು ಬಟ್ಟೆ ತುಂಡು ಕದ್ದು ಹೊರಗೆ ದಾಟಿಸುತ್ತಾರೆ, ಪದೇ ಪದೇ ಕಕ್ಕಸಿಗೆ ಹೋಗುತ್ತಾರೆ ಅಂತ ಕೀಲಿ ದಿನಾ ಹಾಕುತ್ತಿದ್ದ ಬೀಗ. ಕೀಲಿ ಅಲ್ಲಿರಲಿಲ್ಲ, ಕೀಲಿಕೈಯೂ ಇರಲಿಲ್ಲ. ನಾನು ಕಲ್ಲು ತಂದು ಬೀಗಕ್ಕೆ ಕುಟ್ಟಿದೆ. ಒಳಗಿನಿಂದ ಅವರು ಬಡಿಯುತ್ತಿದ್ದರು, ಹೊರಗಿನಿಂದ ನಾನು ಬಡಿಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೊರಗಿನ ಬಡಿತ ಮಾತ್ರ ಉಳಿಯಿತು. ಪೊಲೀಸರು ಬರುವ ಹೊತ್ತಿಗೆ ಬೀಗ ಮಾಯವಾಗಿತ್ತು.

ಅದನ್ನೆಲ್ಲ ಟೀಚರಿಗೆ ಹೇಳಲಿಲ್ಲ. ಬೆಳಕು ಇಟ್ಟೆ.

ಎಲ್ಲ ಮುಗಿದ ಮೇಲೆ ಓನರ್, ಉಳಿದ ಹೆಂಗಸರನ್ನು ಹೊರಗೆ ಕಳಿಸಿ, ಪರೀಕ್ಷೆ ಮಾಡಲು ಬಂದ. ದೊಡ್ಡ ಗೋಡೆಯ ಮೇಲೆ ನನ್ನ ಶೆಡ್ಡು ಹೊತ್ತಿಕೊಂಡಿತು. ನಾನು ಒಂದು ಗುಂಡಿ ಒತ್ತಿದರೆ ಬೆಂಕಿ ಏಳಬೇಕು, ಇನ್ನೊಂದು ಒತ್ತಿದರೆ ಬಾಗಿಲು ತೆರೆಯಬೇಕು. ಬೆಂಕಿ ಎದ್ದಿತು. ಓನರ್, "ಹ್ಞಾ, ಬಾಗಿಲು," ಅಂದ. ಒತ್ತಿದೆ. ಬಾಗಿಲು ಗಡಗಡ ನಡುಗಿತೇ ಹೊರತು ತೆರೆಯಲಿಲ್ಲ. ಮತ್ತೆ ಒತ್ತಿದೆ. ಮತ್ತೆ ನಡುಗಿತು, ಯಾರೋ ಒಳಗಿನಿಂದ ದಬ್ಬುತ್ತಿರುವ ಹಾಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅಂದಿರಲಿಲ್ಲ; ಕೀಲಿಯ ಕೈ ತಾನಾಗಿ ಹೋಗಿ ಸೊಂಟದ ಗೊಂಚಲನ್ನು ಮುಚ್ಚಿ ಹಿಡಿಯಿತು. ಓನರ್ ಮುಖ ಬಿಳಿಚಿ, ಕುರ್ಚಿಯಿಂದ ಅರ್ಧ ಎದ್ದವನು ಅರ್ಧಕ್ಕೇ ನಿಂತುಬಿಟ್ಟ. ಎಲ್ಲವೂ ಒಂದು ಗಳಿಗೆ. ಆಮೇಲೆ ಕೀಲಿ ನನ್ನ ಜುಟ್ಟು ಹಿಡಿದು ಗೋಡೆಯ ಹಿಂಭಾಗಕ್ಕೆ, ಬಿಸಿಗಾಳಿ ಉಗುಳುವ ಪೆಟ್ಟಿಗೆಗಳ ಮಧ್ಯಕ್ಕೆ ಎಳೆದುಕೊಂಡು ಹೋದ.

"ಯಾವಳೇ ಹೇಳಿಕೊಟ್ಟಿದ್ದು ನಿನಗೆ? ನಿಮ್ಮಕ್ಕಾನಾ? ಹೇಳೇ ಲೌಡಿ!" ನನ್ನ ಕೆನ್ನೆಯನ್ನು ಬಿಸಿ ಪೆಟ್ಟಿಗೆಗೆ ಒತ್ತಿ ಹಿಡಿದ. "ಆ ಸುಟ್ಟ ಮುಂಡೆನ ಇನ್ನೊಂದ್ಸಲ ಸುಡೋಕೆ ನನಗೇನ್ ಕಷ್ಟ ಇಲ್ಲ, ತಿಳ್ಕೊ! ಬಾಗಿಲು ಹಗಲೂ ರಾತ್ರಿ ತೆರೆದೇ ಇಟ್ಕೊಂಡು ಬಿದ್ದಿರ್ತಾಳಲ್ಲ ಅವಳು?"

ನಮ್ಮ ಮನೆ ಬಾಗಿಲಿನ ವಿಷಯ ಇವನಿಗೆ ಹೇಗೆ ಗೊತ್ತು?

ಟೀಚರ್ ಓಡಿ ಬಂದಳು. "ಸಾರ್, ಬಿಡಿ ಸಾರ್! ಬೇಕಂತ ಮಾಡಿದ್ದಲ್ಲ ಅದು. ಮಾರ್ಜಿನ್ ಸಾರ್, ಮಾರ್ಜಿನ್ ಬಿಟ್ಟಿದಾರೆ! ಬಾಗಿಲು ಚೌಕಟ್ಟಿಗಿಂತ ಒಂದು ಚೂರು ದೊಡ್ಡದಾಗಿದೆ, ಒಂದಕ್ಕೊಂದು ಸಿಕ್ಕಾಕೊಂಡಿದೆ, ಅಷ್ಟೇ. ಈಗಲೇ ಸರಿ ಮಾಡ್ತೀನಿ."

ನಿಜಕ್ಕೂ ಅಷ್ಟೇ ಆಗಿತ್ತು. ನಾನು ಯಾವ ಕಿತಾಪತಿಯನ್ನೂ ಮಾಡಿರಲಿಲ್ಲ, ಹಳೆಯ ಕೈಚಾಳಿ. ಟೀಚರ್ ಬಾಗಿಲನ್ನು ಸುತ್ತಲೂ ಒಂದಿಷ್ಟು ಕತ್ತರಿಸಿದಳು. ಬಾಗಿಲು ಬೆಣ್ಣೆಯ ಹಾಗೆ ತೆರೆದುಕೊಂಡಿತು. ಓನರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಗುಡ್," ಅಂದ.

*

ಸಂಜೆ ಅಕ್ಕ ನನ್ನ ಕೆನ್ನೆಯ ಬೊಬ್ಬೆ ನೋಡಿ ಏನಾಯಿತು ಅಂದಳು. ಹೇಳಿದೆ. ಚಿತ್ರದ ಬಾಗಿಲು ತೆರೆಯದೇ ಹೋದದ್ದಕ್ಕೆ ಓನರ್ ಬಿಳಿಚಿಕೊಂಡದ್ದು, ಕೀಲಿ ಗೊಂಚಲು ಮುಚ್ಚಿಕೊಂಡದ್ದು, ಎಲ್ಲ.

"ಗೊಂಚಲು ಮುಚ್ಕೊಂಡ್ನಾ?"

"ಹ್ಞೂ."

ಅಕ್ಕ ನಕ್ಕಳು. ಸುಟ್ಟ ತುಟಿ ಎಳೆದು ನೋವಾದರೂ ನಕ್ಕಳು. "ಹಂಗಾದ್ರೆ ಅವರಿಗೂ ಭಯ ಇದೆ ಕಣೇ."

"ಅಕ್ಕ, ನಿನ್ನ ಜೈಲಿಗೆ ಹಾಕಿಸ್ತಾನಂತೆ."

"ಹಾಕಿಸ್ಲಿ ಬಿಡು. ಈ ಕೈಗೆ ಅದ್ಯಾವ ಕೋಳ ಹಾಕ್ತಾರೋ ನಾನೂ ನೋಡ್ತೀನಿ."

ನನಗೆ ನಗು ಬರಲಿಲ್ಲ. ಕೀಲಿ ಮನೆಯ ಬಾಗಿಲಿನ ವಿಷಯ ಎತ್ತಿದ್ದನ್ನೂ ಹೇಳಿಬಿಟ್ಟೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಅಕ್ಕನ ಕಾಲ ಬಳಿ ಕೂತಳು. ಅಕ್ಕ ಬೀದಿಯ ಕಡೆ ನೋಡಿದಳು. ಬಾಗಿಲು ಹಾಕಲೇ ಅಂತ ಕೇಳಿದೆ. ಬೇಡ ಅಂತ ತಲೆಯಾಡಿಸಿದಳು.

"ನೋಡೇ," ಎಂದಳು ಆಮೇಲೆ, ಚಿಕ್ಕಂದಿನಲ್ಲಿ ನನಗೆ ಬುದ್ಧಿ ಹೇಳುತ್ತಿದ್ದ ದನಿಯಲ್ಲಿ. "ಹೆದರಿಕೆ ಆದ್ರೆ ಆ ಚಿತ್ರದ ಬಾಗಿಲು ತೆಗೆದುಬಿಡು. ನಾನೇನೂ ಅಂದ್ಕೊಳಲ್ಲ. ನಿನ್ನಾಣೆಗೂ ಅಂದ್ಕೊಳಲ್ಲ."

ತೆಗೆಯಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಆ ರಾತ್ರಿ ತೆರೆದ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದೆ.

*

ಆಫೀಸರ್ ಬಂದದ್ದು ಬೆಳಗಿನ ಹೊತ್ತು. ಬಿಳಿ ತಲೆ, ದಪ್ಪ ಕನ್ನಡಕ, ಜೊತೆಗೆ ಇಬ್ಬರು. ಮುಂದಿನ ಸಾಲಿನಲ್ಲಿ ಕೂರಿಸಿ ತಂಪು ಪಾನೀಯ ಕೊಟ್ಟರು. ಓನರ್ ಮೈಕು ಹಿಡಿದು, "ಇದನ್ನ ಕಟ್ಟಿರೋದೂ ನಮ್ಮ ಹೆಣ್ಣುಮಕ್ಕಳೇ ಸಾರ್, ಆಡೋದೂ ಅವರೇ. ಅವರ ಕಥೆ, ಅವರ ಬಾಯಲ್ಲೇ," ಎಂದ. ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಸ್ತ್ರಿಯ ತಂಗಿ ಅಂತ ತೋರಿಸಿದ. ಆಫೀಸರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ತಲೆಯಾಡಿಸಿದ. ನಾನು ಕೂತೆ. ಪಕ್ಕದಲ್ಲಿ ಟೀಚರ್. ಎದುರಿಗೆ ಆ ಎರಡು ಗುಂಡಿಗಳು.

ಗೋಡೆಯ ಮುಂದೆ ಕಾಲರ್ ಮತ್ತು ಉಳಿದವರು. ಕಿಟಕಿಯಿಂದ ಎಳೆದು ಬದುಕಿಸಿದವರನ್ನೇ ಆರಿಸಿ ತಂದಿದ್ದರು. ಮೈಮೇಲೆ ಹಳೆಯ ಫ್ಯಾಕ್ಟರಿಯ ಏಪ್ರನ್ನು, ಹೊಸದಾಗಿ ಹೊಲಿಸಿ ಮಸಿ ಬಳಿದದ್ದು. ಅವರಿಗೆ ಹೇಳಿದ್ದು ಇಷ್ಟೇ: ಬೆಂಕಿ ಎದ್ದ ಕೂಡಲೇ ಬಾಗಿಲ ಕಡೆ ಓಡಿ, ಗೋಡೆ ಮುಟ್ಟದೆ ನಿಲ್ಲಿ, ಬಾಗಿಲು ತೆರೆಯುತ್ತದೆ, ಖುಷಿಪಡಿ. ನಾನು ಕಟ್ಟಿದ ಶೆಡ್ಡನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

ದೀಪಗಳೆಲ್ಲ ಆರಿ ಗೋಡೆ ಹೊತ್ತಿತು. ಮಿಷನ್ನುಗಳ ಸಾಲು. ಟ್ಯೂಬ್‌ಲೈಟು. ಸ್ಟೂಲು, ಸ್ಟೂಲಿನ ಮೇಲಿನ ಚಿಂದಿ.

"ಅಯ್ಯೋ, ಕಫ್ ಜಾಗ," ಎಂದಳು ಕಾಲರ್. ಅದು ಅವಳಿಗೆ ಕೊಟ್ಟ ಮಾತಾಗಿರಲಿಲ್ಲ.

"ಆಕ್ಷನ್!"

ಬೆಂಕಿಯ ಗುಂಡಿ ಒತ್ತಿದೆ. ಇಸ್ತ್ರಿ ಟೇಬಲ್ಲಿನ ಮೇಲೆ ಉರಿ ಎದ್ದು, ಬಟ್ಟೆಯ ರಾಶಿಗೆ ಹಾರಿ, ಸೂರಿಗೆ ಏರಿತು. ಯಂತ್ರದಿಂದ ಹೊಗೆ ಬಿಟ್ಟರು. ಹೆಂಗಸರು ಓಡಿದರು. ಓಡಿದ್ದು ನಟನೆಯಲ್ಲ, ಅವರು ಓಡುವ ರೀತಿಗೇ ಗೊತ್ತಾಯಿತು. ಬಾಗಿಲ ಮುಂದೆ ಹೋಗಿ ನಿಂತರು.

"ಈಗ," ಎಂದಳು ಟೀಚರ್.

ನನ್ನ ಬೆರಳು ಗುಂಡಿಯ ಮೇಲಿತ್ತು. ತೆರೆದ ಬಾಗಿಲ ಮನೆಯಲ್ಲಿ ಮಲಗಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಒತ್ತಿಬಿಡು, ಒತ್ತಿಬಿಡು, ಬರೀ ಚಿತ್ರ ತಾನೇ ಅಂತ ನನಗೆ ನಾನೇ ಹೇಳಿಕೊಂಡೆ. ಒತ್ತಿದರೆ ಬೆಳಕು ಬರುತ್ತದೆ, ಕಟ್ ಅನ್ನುತ್ತಾರೆ, ಆಫೀಸರ್ ತಂಪು ಪಾನೀಯ ಕುಡಿದು ಮನೆಗೆ ಹೋಗುತ್ತಾನೆ. ಕಫ್ ನುಗ್ಗಾಟದಲ್ಲಿ ಸತ್ತವಳಾಗುತ್ತಾಳೆ, ಇನ್ನು ಎಂದೆಂದಿಗೂ.

ಬೆರಳೆತ್ತಿದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತುಬಿಟ್ಟೆ.

"ಒತ್ತಿ," ಎಂದು ಟೀಚರ್ ಪಿಸುಗುಟ್ಟಿದಳು. ನನ್ನ ಮುಖ ನೋಡಿದಳು. ಗುಂಡಿಯ ಕಡೆಗೆ ಚಾಚಿದ ಅವಳ ಕೈ ನಡುವೆಯೇ ನಿಂತಿತು. ಆಮೇಲೆ ಮೆಲ್ಲಗೆ ಅದನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

ಬಾಗಿಲು ತೆರೆಯಲಿಲ್ಲ. ಉರಿ ಹತ್ತಿರ ಬಂತು. ಮೊದಲು ಕಾಲರ್ ಬಡಿದಳು. ಮುಟ್ಟಬಾರದ ಆ ಗೋಡೆಗೆ ಮುಷ್ಟಿಯಿಂದ, ಮೊಣಕೈಯಿಂದ ಬಡಿದಳು. ನಂತರ ಎಲ್ಲರೂ ಬಡಿಯತೊಡಗಿದರು. ಯಾವಳೋ ಕಫ್ ಹೆಸರು ಹಿಡಿದು ಕೂಗಿದಳು, ಹೆತ್ತವರಿಟ್ಟ ಹೆಸರು. ಪೆಟ್ಟು ಬಿದ್ದಲ್ಲೆಲ್ಲ ಗೋಡೆಯ ಪುಟ್ಟ ದೀಪಗಳು ಸತ್ತು, ಬಾಗಿಲ ಮೇಲೆ ಕೈಯಗಲದ ಕಪ್ಪು ಕಲೆಗಳು ಮೂಡಿದವು.

"ಏನ್ರೀ ಇದು?" ಆಫೀಸರ್ ಎದ್ದು ನಿಂತಿದ್ದ. "ಬಾಗಿಲು ಯಾಕೆ ತೆರೀತಿಲ್ಲ?"

"ಟೆಕ್ನಿಕಲ್ ಸಾರ್, ಸಣ್ಣ ಟೆಕ್ನಿಕಲ್ ಪ್ರಾಬ್ಲಂ..."

"ಹೊರಗಿಂದ ಬೀಗ ಹಾಕಿದಾರೆ ಸಾರ್!" ಕಾಲರ್ ತಿರುಗಿ ಕಿರುಚಿದಳು. ಅವಳ ಗೆಣ್ಣುಗಳಿಂದ ರಕ್ತ ಇಳಿಯುತ್ತಿತ್ತು. "ಹೊರಗಿಂದ ಬೀಗ!"

ಕೀಲಿ ಕುರ್ಚಿಗಳನ್ನು ಕೆಡವುತ್ತ ನನ್ನ ಕಡೆ ಓಡಿ ಬಂದ. ಟೀಚರನ್ನು ಪಕ್ಕಕ್ಕೆ ದಬ್ಬಿ, ನನ್ನ ಕೂದಲಿಗೆ ಕೈಹಾಕಿ ಜಗ್ಗಿದ. ಮೇಜಿಗೆ ಹಣೆ ಬಡಿಯಿತು, ಮೇಜಿನ ಮೇಲಿದ್ದ ಎರಡೂ ಗುಂಡಿಗಳು ಅಂಚಿನಿಂದ ಜಾರಿ ವೈರಿಗೆ ಜೋತಾಡಿದವು. ಕಣ್ಣಿಗೆ ರಕ್ತ ಇಳಿದು ಏನೂ ಕಾಣದಾಯಿತು. ಕಿವಿ ಮಾತ್ರ ಕೇಳುತ್ತಿತ್ತು. ಅವರು ಬಡಿಯುತ್ತಲೇ ಇದ್ದರು. ಅದರ ಮೇಲೆ ಓನರ್ ದನಿ, ಮೈಕು ಇನ್ನೂ ಕೈಯಲ್ಲೇ ಇದೆ ಅನ್ನುವುದನ್ನೂ ಮರೆತು ಇಡೀ ಹಾಲಿಗೆ ಕೇಳುವ ಹಾಗೆ ಅರಚಿಕೊಳ್ಳುತ್ತಿದ್ದ.

"ತೆಗೀರೋ! ಯಾರಾದ್ರೂ ಬಾಗಿಲು ತೆಗೀರೋ! ಬಾಗಿಲು ತೆಗೀರಿ!"

ನನಗೆ ಜೀವ ಹೋಗುವಷ್ಟು ಹೆದರಿಕೆಯಾಗುತ್ತಿತ್ತು. ಕೈಯನ್ನು ಮಾತ್ರ ತೊಡೆಯ ಕೆಳಗಿನಿಂದ ತೆಗೆಯಲಿಲ್ಲ.